ಎಷ್ಟು ಬೆಲೆಯ ಪೆಟ್ಟಿಗೆಯಲ್ಲಿ ಹಾಡು ಕೇಳಬೇಕು?

ಮಹಾನಗರದ ನಮ್ಮ ಕನ್ನಡ ಮನೆಗಳಲ್ಲಿ ಸಂಗೀತದ ಮಾತು ಕಡಿಮೆಯಾಗಿಲ್ಲ; ಮಾತಿನ ವಿಷಯ ಮಾತ್ರ ಬದಲಾಗಿದೆ. ಒಂದು ಕಾಲಕ್ಕೆ ಸಂಗೀತಪ್ರಿಯರಿಬ್ಬರು ಸೇರಿದರೆ ‘ಮೊನ್ನೆಯ ಬೈಠಕ್ಕಿನಲ್ಲಿ ಮಾರವಾ ಹೇಗಿತ್ತು?’ ಎಂದು ಸಂಭಾಷಣೆ ಆರಂಭವಾಗುತ್ತಿತ್ತು. ಈಗ ‘ಸ್ಪೀಕರ್ ಯಾವ ಕಂಪನಿಯದು, ಎಷ್ಟು ಬಿತ್ತು?’ ಎಂದು ಆರಂಭವಾಗುತ್ತದೆ. ಮನೆಯ ಯಜಮಾನರು ಉತ್ಸಾಹದಿಂದ ಎದ್ದು ಗುಂಡಿ ಒತ್ತುತ್ತಾರೆ. ‘ಈಗ ನೋಡಿ, ಎಡಗೈ ತಬಲಾ ಎದೆಗೆ ಬಡಿಯುತ್ತದೆ’ ಎನ್ನುತ್ತಾರೆ. ಬಡಿಯುತ್ತದೆ, ಸುಳ್ಳಲ್ಲ. ಅಷ್ಟರಲ್ಲಿ ಇನ್ನೊಂದು ಹಾಡಿಗೆ ಜಿಗಿತ, ಅಲ್ಲಿಂದ ಮತ್ತೊಂದಕ್ಕೆ. ಕಾಫಿ ಮುಗಿಯುವ ಹೊತ್ತಿಗೆ ಅತಿಥಿಗಳಿಗೆ ಹತ್ತು ಹಾಡುಗಳ ತಲೆ ಕಂಡಿರುತ್ತದೆ, ಒಂದರ ಬಾಲವೂ ಕಂಡಿರುವುದಿಲ್ಲ.

ಇದರಿಂದ ಯಾರಿಗೂ ನಷ್ಟವಿಲ್ಲ, ದುಡ್ಡಿದ್ದವರು ಕೊಂಡರು, ಸಂತೋಷಪಟ್ಟರು ಎಂದು ಸುಮ್ಮನಿರಬಹುದಿತ್ತು. ಆದರೆ ಇದೇ ಮಾತಿನ ಇನ್ನೊಂದು ಮಗ್ಗುಲು ನಮಗೆ ಚಿಂತೆ ಹುಟ್ಟಿಸುತ್ತದೆ. ‘ನಮ್ಮಲ್ಲಿ ಒಳ್ಳೆಯ ಸೆಟ್ ಇಲ್ಲ, ಆದ್ದರಿಂದ ಶಾಸ್ತ್ರೀಯ ಸಂಗೀತ ಕೇಳುವ ಗೋಜಿಗೆ ಹೋಗುವುದಿಲ್ಲ’ ಎನ್ನುವ ಮಧ್ಯಮವರ್ಗದ ಗೃಹಸ್ಥರನ್ನು ನಾವು ಸಾಕಷ್ಟು ಕಂಡಿದ್ದೇವೆ. ‘ಹಳೆಯ ಮುದ್ರಿಕೆಗಳಲ್ಲಿ ಬರೀ ಕರಕರ ಸದ್ದು, ಕೇಳಲಾಗುವುದಿಲ್ಲ’ ಎನ್ನುವ ಕಿರಿಯರನ್ನೂ ಕಂಡಿದ್ದೇವೆ. ಮೊದಲನೆಯವರು ಬಡತನವೆಂದು ತಿಳಿದು ಸಂಗೀತದಿಂದ ದೂರ ಸರಿದರು. ಎರಡನೆಯವರು ಅಭಿರುಚಿಯೆಂದು ತಿಳಿದು ಸಂಗೀತದ ಅರ್ಧ ಇತಿಹಾಸವನ್ನೇ ತಳ್ಳಿಹಾಕಿದರು. ಇಬ್ಬರ ನಂಬಿಕೆಯೂ ಒಂದೇ: ಸಂಗೀತದ ಸವಿ ಯಂತ್ರದ ಬೆಲೆಯ ಜೊತೆಗೆ ಏರುತ್ತದೆ, ಇಳಿಯುತ್ತದೆ. ಈ ನಂಬಿಕೆಯಲ್ಲಿ ಎಷ್ಟು ಕಾಳು, ಎಷ್ಟು ಜೊಳ್ಳು ಎಂಬುದನ್ನು ಕೇರಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು, ನಮ್ಮ ದೇಶದ ಧ್ವನಿಮುದ್ರಣ ಎಂಥ ಯಂತ್ರದಿಂದ ಆರಂಭವಾಯಿತೆಂಬುದನ್ನು ನೆನೆಯೋಣ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಾರಿಕೆಯನ್ನು ಮುದ್ರಿಸಿಕೊಂಡ. ಆಗ ಮೈಕ್ ಇರಲಿಲ್ಲ, ವಿದ್ಯುತ್ತಿನ ಸಹಾಯವಿರಲಿಲ್ಲ. ಗಾಯಕಿ ಒಂದು ತಗಡಿನ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಉಸಿರಿನ ಅದುರಿಗೇ ಮುಳ್ಳು ನಡುಗಿ ಮೇಣದ ತಟ್ಟೆಯಲ್ಲಿ ಗೀರು ಬೀಳಬೇಕು. ಇದ್ದ ಅವಕಾಶ ಸುಮಾರು ಮೂರು ನಿಮಿಷ. ಮನುಷ್ಯನ ಕಿವಿ ಎಳವೆಯಲ್ಲಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸುತ್ತದೆಯಷ್ಟೆ. ಆ ಕಹಳೆಯೊಳಕ್ಕೆ ಸರಿಯಾಗಿ ಹೋಗುತ್ತಿದ್ದುದು ಸುಮಾರು 250ರಿಂದ 2,500 ಕಂಪನಗಳವರೆಗಿನದು ಮಾತ್ರ. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಮುದ್ರಿಕೆಯನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ಗುರುತು ಸಿಗಬೇಕಲ್ಲ! ಈ ಮಹಾಗಾಯಕಿ ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಅವಳ ಮುಖ ಕಂಡವರು ಯಾರೂ ಇಂದು ಉಳಿದಿಲ್ಲ. ಆದರೆ ಆ ಇಕ್ಕಟ್ಟಿನ ಕಹಳೆಯೊಳಗಿಂದ ನುಸುಳಿ ಬಂದ ತಾನುಗಳ ಚುರುಕು, ಲಯದ ಮೇಲಿನ ಹಿಡಿತ ಇಂದಿಗೂ ಕೇಳುವವರಿಗೆ ಸಿಗುತ್ತದೆ.

ಇನ್ನು ನಮ್ಮವರದೇ ಒಂದು ಉದಾಹರಣೆ. ಇದಕ್ಕಿಂತ ಬಲವಾದ ಸಾಕ್ಷಿ ಈ ವಿಷಯದಲ್ಲಿ ಮತ್ತೊಂದು ಸಿಗಲಾರದು. ಪಂಡಿತ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದ ಸಂಗತಿ ಸಂಗೀತಪ್ರಿಯರಿಗೆಲ್ಲ ಗೊತ್ತು. ಹಾಗೆ ಹಾಡುವುದನ್ನು ಕಲಿಯಬೇಕೆಂಬ ಹುಚ್ಚು ಹತ್ತಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗದುಗಿನ ಮನೆಯನ್ನು ಬಿಟ್ಟು ಗುರುವನ್ನು ಹುಡುಕುತ್ತ ಹೊರಟರು. ಬಿಜಾಪುರ, ಪುಣೆ, ಗ್ವಾಲಿಯರ್, ಜಾಲಂಧರ ಎಂದು ಸುತ್ತಿ, ಕೊನೆಗೆ ತಮ್ಮ ಊರಿನ ಸಮೀಪದ ಕುಂದಗೋಳದ ಸವಾಯಿ ಗಂಧರ್ವರಲ್ಲಿಗೇ ಬಂದು ಸೇರಿದರು. ಸವಾಯಿ ಗಂಧರ್ವರಾದರೋ ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಪುಣೆಯಲ್ಲಿ ಅವರ ಹೆಸರಿನ ಉತ್ಸವ ಆರಂಭವಾಯಿತು. 2008ರಲ್ಲಿ ಭಾರತರತ್ನದ ಘೋಷಣೆಯಾಯಿತು. ಇದಕ್ಕೆಲ್ಲ ಬೀಜವಾದದ್ದು ಒಂದು ತಟ್ಟೆ, ಒಂದು ಮುಳ್ಳು, ಒಂದು ಕೊಳವೆ. ಆ ಪೆಟ್ಟಿಗೆಯ ಬೆಲೆ ಎಷ್ಟೆಂದು ಬಾಲಕ ವಿಚಾರಿಸಲಿಲ್ಲ.

ಇಲ್ಲಿ ವಿಮರ್ಶಕನು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಕರಕರ ಸದ್ದಿನ ನಡುವೆ ಬಾಲಕನಿಗೆ ಮುಟ್ಟಿದ್ದಾದರೂ ಏನು? ಆ ಮುದ್ರಿಕೆಯನ್ನು ಇಂದು ಯಾವ ಸಾಧಾರಣ ಫೋನಿನಲ್ಲಾದರೂ ಕೇಳಬಹುದು, ಕೇಳಿ ನೋಡಿ. ಜಿಂಝೋಟಿಯ ಜೀವ ಇರುವುದು ಮಂದ್ರದ ಧೈವತದಿಂದ ಹೊರಟು, ಷಡ್ಜ ರಿಷಭಗಳನ್ನು ದಾಟಿ, ಮಧ್ಯಮವನ್ನು ಮುಟ್ಟಿ ಗಾಂಧಾರಕ್ಕೆ ಇಳಿದು ನಿಲ್ಲುವ ಆ ಒಂದು ನಡೆಯಲ್ಲಿ. ಖಾನ್ ಸಾಹೇಬರು ಅಲ್ಲಿ ಸ್ವರದಿಂದ ಸ್ವರಕ್ಕೆ ಹೆಜ್ಜೆಯಿಡುವುದಿಲ್ಲ, ಜಾರುತ್ತಾರೆ. ಗಾಂಧಾರಕ್ಕೆ ಬಂದು ನಿಂತಾಗ ಅದು ಶ್ರುತಿಯಲ್ಲಿ ಕರಗಿ ಹೋಗುತ್ತದೆ. ಕರಗಿದ ಮೇಲೂ ಉಸಿರು ಅದನ್ನು ಬಿಟ್ಟುಕೊಡದೆ ಹಿಡಿದಿರುತ್ತದೆ. ಶಾರೀರ ದಪ್ಪವಲ್ಲ, ತೆಳು, ತುಸು ಎತ್ತರದ್ದು. ಅದರಲ್ಲಿ ಅಬ್ಬರವಿಲ್ಲ, ಕರೆಯುವ ದನಿಯಿದೆ. ಈಗ ಲೆಕ್ಕ ಹಾಕಿ: ಸ್ವರದ ಸ್ಥಾನ, ಸ್ವರದಿಂದ ಸ್ವರಕ್ಕೆ ಹೋಗುವ ದಾರಿ, ನಿಲ್ಲುವ ಕಾಲ, ಉಸಿರಿನ ಅಳತೆ. ಈ ನಾಲ್ಕರಲ್ಲಿ ಯಾವುದಕ್ಕೂ ಎದೆಗೆ ಬಡಿಯುವ ಸ್ಪೀಕರು ಬೇಕಿಲ್ಲ. ನಾಲ್ಕೂ ಆ ಗ್ರಾಮಫೋನಿನ ಇಕ್ಕಟ್ಟಿನ ದಾರಿಯಲ್ಲಿ ಒಂದು ಕೂದಲೂ ಕೊಂಕದೆ ಬಂದು ಸೇರಿದವು.

‘ಮಂದ್ರಸ್ವರಗಳು ಚಿಕ್ಕ ಪೆಟ್ಟಿಗೆಯಲ್ಲಿ ಹುಟ್ಟುವುದೇ ಇಲ್ಲವಲ್ಲ, ಮತ್ತೆ ಕೇಳಿಸಿದ್ದು ಹೇಗೆ?’ ಎಂದು ವಿಜ್ಞಾನ ಬಲ್ಲ ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು, ಉತ್ತರ ಸೊಗಸಾದದ್ದು. ಗಾಯಕರ ಷಡ್ಜ ಸೆಕೆಂಡಿಗೆ 135 ಕಂಪನಗಳದ್ದು ಎಂದಿಟ್ಟುಕೊಳ್ಳೋಣ. ಅಂಗೈಯಗಲದ ಟ್ರಾನ್ಸಿಸ್ಟರಿನ ಸ್ಪೀಕರು ಅಷ್ಟು ಕೆಳಗಿನ ನಾದವನ್ನು ಗಟ್ಟಿಯಾಗಿ ನುಡಿಯಲಾರದು. ಆದರೆ ಕಂಠದಿಂದ ಹೊರಟ ಷಡ್ಜದ ಜೊತೆಯಲ್ಲಿ 270, 405, 540 ಎಂದು ಅದರ ಮಡಿಗಳಾದ ಉಪನಾದಗಳೂ ಹೊರಡುತ್ತವೆ. ಚಿಕ್ಕ ಪೆಟ್ಟಿಗೆ ಇವುಗಳನ್ನು ಚೆನ್ನಾಗಿಯೇ ನುಡಿಯುತ್ತದೆ. ಒಂದರಿಂದ ಒಂದಕ್ಕೆ ಇರುವ ಅಂತರ 135 ಎಂಬುದನ್ನು ನಮ್ಮ ಕಿವಿ ಮತ್ತು ಮಿದುಳು ಗುರುತಿಸಿ, ಬಾರದೆ ಹೋದ ಮೂಲನಾದವನ್ನು ತಾವೇ ತುಂಬಿಕೊಳ್ಳುತ್ತವೆ. ಊರಿನಿಂದ ಬರುವ ಫೋನ್ ಕರೆಯನ್ನೇ ನೆನೆಸಿಕೊಳ್ಳಿ. ಹಳೆಯ ಟೆಲಿಫೋನ್ ತಂತಿಯಲ್ಲಿ ಹಾಯುತ್ತಿದ್ದುದು 300ರಿಂದ 3,400 ಕಂಪನಗಳು ಮಾತ್ರ. ಗಂಡಸರ ಮಾತಿನ ಮೂಲನಾದ ಅದಕ್ಕಿಂತ ಎಷ್ಟೋ ಕೆಳಗೆ. ಆದರೂ ಟ್ರಂಕ್ ಕಾಲ್ ಕಾಲದಲ್ಲಿ ‘ಹಲೋ’ ಎಂಬ ಒಂದು ಮಾತಿನಿಂದಲೇ ಅದು ಅಪ್ಪನೋ ದೊಡ್ಡಪ್ಪನೋ ಎಂದು ತಿಳಿಯುತ್ತಿತ್ತು. ಅವರ ಮೈ ಚೆನ್ನಾಗಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತಿತ್ತು. ಪ್ರೀತಿಯಿಂದ ಕೇಳುವ ಕಿವಿ ಅರ್ಧ ಕೆಲಸವನ್ನು ತಾನೇ ಮಾಡುತ್ತದೆ. ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲದ ಯಂತ್ರ ಅದು.

ಆದರೆ ಒಂದು ಪಕ್ಷವನ್ನೇ ಹೊಗಳುತ್ತ ಹೋದರೆ ಅದು ವಿಮರ್ಶೆಯಾಗದು, ವಕೀಲಿಯಾದೀತು. ಯಂತ್ರ ಚೆನ್ನಾಗಿಲ್ಲದಿದ್ದರೆ ನಿಜವಾಗಿ ಕಳೆದುಹೋಗುವುದು ಯಾವುದು ಎಂಬುದನ್ನೂ ಹೇಳಬೇಕು. ತಂಬೂರಿಯ ನಾಲ್ಕು ತಂತಿಗಳಿಂದ ಎದ್ದು ಕೋಣೆಯನ್ನು ತುಂಬುವ ಉಪನಾದಗಳ ಮಂಜು ಅಗ್ಗದ ಪೆಟ್ಟಿಗೆಯಲ್ಲಿ ತೆಳುವಾಗುತ್ತದೆ. ಮೃದಂಗದ ಎಡಭಾಗದ ತೊಪ್ಪಿ, ತಬಲಾದ ಡಗ್ಗಾ ಬರೀ ‘ಟಪ್’ ಎನ್ನುತ್ತವೆ. ಹಳೆಯ ಮುದ್ರಿಕೆಗಳಲ್ಲಿ ಸ, ಶ ಮುಂತಾದ ಅಕ್ಷರಗಳು ಮಸುಕಾಗುತ್ತವೆ, ಏಕೆಂದರೆ ಅವುಗಳ ಗುರುತು ಇರುವುದು ಮೇಲಿನ ಕಂಪನಗಳಲ್ಲಿ. ವಾದ್ಯವೃಂದಕ್ಕಂತೂ ಚಿಕ್ಕ ಪೆಟ್ಟಿಗೆಯಲ್ಲಿ ನ್ಯಾಯ ಸಿಗುವುದೇ ಇಲ್ಲ. ಇವೆಲ್ಲ ನಿಜವಾದ ನಷ್ಟಗಳೇ.

ಇವೆಲ್ಲಕ್ಕಿಂತ ದೊಡ್ಡ ನಷ್ಟವೊಂದುಂಟು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ವೇಗದ ದೋಷ. 78 ಸುತ್ತಿನ ತಟ್ಟೆಗಳೆಂದು ನಾವು ಕರೆಯುವ ಹಳೆಯ ಮುದ್ರಿಕೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿನಲ್ಲೇ ಮುದ್ರಿತವಾದವಲ್ಲ. ಮೊದಮೊದಲಿನವುಗಳಲ್ಲಿ ವೇಗ ಹೆಚ್ಚುಕಡಿಮೆಯಾಗುತ್ತಿತ್ತು. ವೇಗ ನೂರಕ್ಕೆ ಆರರಷ್ಟು ಏರಿದರೆ ಶ್ರುತಿ ಅರ್ಧ ಸ್ವರದಷ್ಟು ಏರುತ್ತದೆ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ: ಗಾಯಕನ ಕಂಠ ಕೀರಲಾಗುತ್ತದೆ, ತಾನುಗಳು ಅವಸರದವಾಗುತ್ತವೆ. ಲಕ್ಷ ರೂಪಾಯಿಯ ಸ್ಪೀಕರು ಈ ತಪ್ಪನ್ನು ತಿದ್ದಲಾರದು; ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೆ. ಕ್ಯಾಸೆಟ್ಟಿನ ಕಥೆಯೂ ಇದೇ. ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ತೆವಳುವ ಆ ತೆಳ್ಳನೆಯ ಪಟ್ಟಿ, ಮೋಟಾರು ಸೋತಾಗ ತೊನೆಯುತ್ತದೆ, ಅದರ ಜೊತೆಗೆ ಷಡ್ಜವೂ ತೊನೆಯುತ್ತದೆ. ಷಡ್ಜ ಅಲುಗಿದರೆ ಸಂಗೀತವೆಲ್ಲಿ? ಆದ್ದರಿಂದ ಯಂತ್ರದಿಂದ ನಾವು ಅಪೇಕ್ಷಿಸಬೇಕಾದ ಮೊದಲ ಗುಣ ಶ್ರುತಿ ನಿಲ್ಲಿಸುವುದು. ಎರಡನೆಯದು, ಸಣ್ಣ ದನಿಯಲ್ಲಿಯೂ ಒಡೆಯದೆ ನುಡಿಯುವುದು. ಇಂದಿನ ಸಾಧಾರಣ ಫೋನು, ಕೆಲವು ನೂರು ರೂಪಾಯಿಯ ಇಯರ್‌ಫೋನು ಈ ಎರಡನ್ನೂ ಮಾಡಬಲ್ಲವು. ಅಲ್ಲಿಂದ ಮುಂದೆ ಕೊಡುವ ಪ್ರತಿ ಸಾವಿರಕ್ಕೂ ಸಿಗುವ ಲಾಭ ಕಿರಿದಾಗುತ್ತ ಹೋಗುತ್ತದೆ.

ಇದು ಬಡವರ ಸಮಾಧಾನದ ಮಾತೆಂದು ಯಾರಾದರೂ ಹೇಳಿಯಾರು. ಪರೀಕ್ಷೆಗಳು ಏನು ಹೇಳುತ್ತವೆ ನೋಡೋಣ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ತಜ್ಞರಿಬ್ಬರು ಸ್ಪೀಕರ್ ತಯಾರಿಸುವ ಕಂಪನಿಯೊಂದರ 40 ಮಂದಿ ನೌಕರರನ್ನೇ ಕೂರಿಸಿ ಸ್ಪೀಕರುಗಳಿಗೆ ಅಂಕ ಹಾಕಿಸಿದರು. ಪೆಟ್ಟಿಗೆಗಳು ಕಣ್ಣಿಗೆ ಕಾಣುತ್ತಿದ್ದಾಗ ದೊಡ್ಡವಕ್ಕೆ, ಚಂದದವಕ್ಕೆ ಹೆಚ್ಚು ಅಂಕ ಬಿದ್ದವು. ಅವೇ ಪೆಟ್ಟಿಗೆಗಳನ್ನು ಪರದೆಯ ಹಿಂದಿಟ್ಟಾಗ ಅಂಕಗಳ ಅಂತರ ಕುಗ್ಗಿತು. ಕೇಳಿದ್ದು ಕಿವಿ, ಅಂಕ ಹಾಕಿದ್ದು ಕಣ್ಣು! ಇನ್ನೊಂದು, 2007ರದ್ದು. ಸೆಕೆಂಡಿಗೆ 44,100 ಬಾರಿ ನಾದದ ಅಳತೆ ತೆಗೆಯುವ ಸಾಮಾನ್ಯ ಸಿ.ಡಿ.ಯ ಗುಣಮಟ್ಟಕ್ಕೂ, ಅದಕ್ಕಿಂತ ಸೂಕ್ಷ್ಮವೆಂದು ಹೆಚ್ಚು ಬೆಲೆಗೆ ಮಾರುವ ಮುದ್ರಣಗಳಿಗೂ ಇರುವ ವ್ಯತ್ಯಾಸ ಗುರುತು ಹಿಡಿಯಿರೆಂದು ಮೇಯರ್ ಮತ್ತು ಮೊರಾನ್ ಎಂಬವರು ಕೇಳುಗರ ಮುಂದಿಟ್ಟರು. 554 ಸಲದ ಪರೀಕ್ಷೆಯಲ್ಲಿ ಸರಿಯುತ್ತರ ಬಂದದ್ದು 276 ಸಲ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ನ್ಯಾಯಕ್ಕಾಗಿ ಇನ್ನೊಂದು ಪಕ್ಷವನ್ನೂ ಹೇಳುತ್ತೇವೆ. 2016ರಲ್ಲಿ ಲಂಡನ್ನಿನ ಜೋಶುವಾ ರೀಸ್ ಎಂಬ ಪ್ರಾಧ್ಯಾಪಕರು ಇಂಥ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ನೂರಕ್ಕೆ 52.3ರಷ್ಟು ಸರಿಯುತ್ತರ ಕಂಡುಬಂತು. ಅಂದರೆ ವ್ಯತ್ಯಾಸ ಇದೆ, ಆದರೆ ಕೂದಲೆಳೆಯಷ್ಟು. ಇದರಲ್ಲಿ ನಮಗೆ ಬಹಳ ಮೆಚ್ಚುಗೆಯಾದ ಅಂಶವೇನೆಂದರೆ, ಏನನ್ನು ಕೇಳಬೇಕೆಂದು ಮೊದಲೇ ತರಬೇತಿ ಪಡೆದವರು ಉಳಿದವರಿಗಿಂತ ಹೆಚ್ಚು ಸರಿಯಾಗಿ ಗುರುತಿಸಿದರು. ಯಂತ್ರದ ಸೂಕ್ಷ್ಮವನ್ನು ಸವಿಯುವುದಕ್ಕೂ ಮೊದಲು ಕಿವಿಯನ್ನೇ ತಿದ್ದಬೇಕಾಯಿತು ಎಂದಾಯಿತಲ್ಲ! ಕಿವಿ ತಿದ್ದದವರು ಸೆಟ್ ಬದಲಾಯಿಸುತ್ತ ಹೋಗುವುದನ್ನು ಕಂಡಾಗ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆ ನೆನಪಾದರೆ ನಮ್ಮ ಮೇಲೆ ಕೋಪಿಸಿಕೊಳ್ಳಬಾರದು.

ಹಳೆಯ ಮುದ್ರಿಕೆಗಳನ್ನು ‘ಕೇಳಲಾಗದು’ ಎಂದು ತಳ್ಳುವವರಿಗೆ ಇನ್ನೊಂದು ಮಾತು. ಸವಾಯಿ ಗಂಧರ್ವರ ಮತ್ತೊಬ್ಬ ಶಿಷ್ಯೆ, ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಕಂಠವನ್ನು ಯಾರು ಮರೆಯಬಲ್ಲರು? ಗಂಭೀರವಾದ, ಗಂಡುದನಿಗೆ ಸಮೀಪದ, ಬಂಡೆಯ ಮೇಲೆ ಕೆತ್ತಿದಂಥ ಆ ಸ್ವರಗಳು 2009ರಲ್ಲಿ ಅವರು ತೀರಿಕೊಂಡ ಮೇಲೂ ನಮ್ಮ ಕಿವಿಯಲ್ಲಿವೆ. ಆದರೆ ಅದು ಅವರ ಎರಡನೆಯ ಕಂಠ. 1940ರ ದಶಕದಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಶಾರೀರ ಹಾಗೆ ತಗ್ಗಿತು. ಅದಕ್ಕೂ ಹಿಂದೆ, 1930ರ ದಶಕದಲ್ಲಿ, ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಅವರ ತಟ್ಟೆಗಳು ಹೊರಬಿದ್ದಿದ್ದವು. ಅದರಲ್ಲಿರುವುದು ತೆಳುವಾದ, ಎತ್ತರದ, ಚುರುಕಾಗಿ ಹಾರುವ ಎಳೆಯ ಹೆಣ್ಣುದನಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದವರಿಗೆ ಒಬ್ಬ ಕಲಾವಿದೆ ಕಳೆದುಕೊಂಡ ಕಂಠದ ಜಾಗದಲ್ಲಿ ಇನ್ನೊಂದನ್ನು ಹೇಗೆ ಕಟ್ಟಿಕೊಂಡರು, ದನಿ ಬೇರೆಯಾದರೂ ಸ್ವರವನ್ನು ಬಿಡದೆ ಬೆಳೆಸುವ ಕಿರಾನಾ ನಡೆ ಹೇಗೆ ಅದೇ ಉಳಿಯಿತು ಎಂಬುದು ಪುಸ್ತಕಗಳಿಗಿಂತ ಚೆನ್ನಾಗಿ ತಿಳಿಯುತ್ತದೆ. ಕರಕರ ಸದ್ದಿಗೆ ಮುಖ ಸಿಂಡರಿಸಿದವರಿಗೆ ಆ ಮೊದಲ ಗಂಗೂಬಾಯಿ ಸಿಗುವುದೇ ಇಲ್ಲ. ಅವರಿಗಾಗಿ ಯಾರೂ ಹೊಸದಾಗಿ, ಸ್ವಚ್ಛವಾಗಿ, ಆ ಕಂಠವನ್ನು ಮತ್ತೆ ಮುದ್ರಿಸಿಕೊಡಲಾರರು.

ಹೀಗೆಂದ ಮಾತ್ರಕ್ಕೆ ‘ನಮ್ಮ ಕಾಲದ ಟ್ರಾನ್ಸಿಸ್ಟರಿನ ಸವಿ ಈಗ ಎಲ್ಲಿದೆ’ ಎಂದು ನಿಟ್ಟುಸಿರು ಬಿಡುವ ಹಿರಿಯರ ಪಕ್ಷಕ್ಕೆ ನಾವು ಸೇರಿದವರಲ್ಲ. ಅಗ್ಗದ ಯಂತ್ರದ ಜಂಬವೂ ಜಂಬವೇ. ಮೀಡಿಯಂ ವೇವಿನ ರೇಡಿಯೋದಲ್ಲಿ ಸುಮಾರು 5,000ಕ್ಕೆ ಮೇಲ್ಪಟ್ಟ ಕಂಪನಗಳು ಬಹುಮಟ್ಟಿಗೆ ಬರುತ್ತಲೇ ಇರಲಿಲ್ಲ. ರಾತ್ರಿಯಾದರೆ ಪಕ್ಕದ ನಿಲ್ದಾಣದ ಸುದ್ದಿ ತೋಡಿ ರಾಗದೊಳಗೆ ನುಗ್ಗುತ್ತಿತ್ತು. ಮುಂಬಯಿಯ ಚಾಳಿನಲ್ಲಿ ಕುಳಿತು ಧಾರವಾಡ ನಿಲ್ದಾಣವನ್ನು ಹಿಡಿಯಲು ಪೆಟ್ಟಿಗೆಯನ್ನು ಕಿಟಕಿಯಿಂದ ಕಿಟಕಿಗೆ ಹೊತ್ತು ತಿರುಗಿದವರು ಅದನ್ನು ಸುಖವೆಂದು ಹೇಳಲಾರರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ನಮ್ಮ ಜನಕ್ಕೆ ಪ್ರಿಯವಾದದ್ದು ಅದರ ನಾದಶುದ್ಧಿಯಿಂದಲ್ಲ. ಮನ್ಸೂರರ ಕಂಠ, ಊರಿನ ಭಾಷೆ, ಊರಿನ ಹೆಸರುಗಳು ಅದರಲ್ಲಿ ಬರುತ್ತಿದ್ದವು ಎಂಬುದರಿಂದ.

ಆ ಕಾಲದ ಒಂದು ಗುಣವನ್ನು ಮಾತ್ರ ಉಳಿಸಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. 1952ರಲ್ಲಿ ಆಕಾಶವಾಣಿ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಶನಿವಾರ ರಾತ್ರಿ ಊಟ ಮುಗಿಸಿ ಮನೆಮಂದಿ ಪೆಟ್ಟಿಗೆಯ ಸುತ್ತ ಕುಳಿತರೆ, ಕಾರ್ಯಕ್ರಮ ತಾನಾಗಿ ಮುಗಿಯುವವರೆಗೆ ಏಳುವಂತಿರಲಿಲ್ಲ. ನಿಲ್ಲಿಸುವ ಗುಂಡಿಯಿಲ್ಲ, ಹಿಂದಕ್ಕೆ ಹೋಗುವಂತಿಲ್ಲ, ಇನ್ನೊಂದು ರಾಗಕ್ಕೆ ಹಾರುವಂತಿಲ್ಲ. ವಿಲಂಬಿತ ಬೇಸರವಾದರೂ ದ್ರುತ್ ಬರುವವರೆಗೆ ಕಾಯಬೇಕು. ಕಾದವರಿಗೆ ವಿಲಂಬಿತದಲ್ಲಿ ಬಿತ್ತಿದ್ದು ದ್ರುತ್‌ನಲ್ಲಿ ತೆನೆಯಾಗುವುದು ತಿಳಿಯುತ್ತಿತ್ತು. ಈಗ ನಮ್ಮ ಜೇಬಿನ ಫೋನಿನಲ್ಲಿ ಆ ರೇಡಿಯೋಗಿಂತ ಎಷ್ಟೋ ಪಾಲು ಶುದ್ಧವಾದ ನಾದವಿದೆ, ಬೇಕಾದ ಗಾಯಕರೆಲ್ಲ ಇದ್ದಾರೆ. ಇಲ್ಲದಿರುವುದು ಆ ಒಂದು ತಾಸು. ಕೊರತೆ ಇರುವುದು ಸಮಯದಲ್ಲಿ. ನಾವು ಅದನ್ನು ಹಣದಿಂದ ತುಂಬಲು ಹೊರಟಿದ್ದೇವೆ.

ನಮ್ಮ ಸಂಘಸಂಸ್ಥೆಗಳ ಸಮಾರಂಭಗಳೂ ಈ ದೋಷದಿಂದ ಹೊರತಲ್ಲ. ಭಾವಗೀತೆಯ ಕಾರ್ಯಕ್ರಮಕ್ಕೆ ವೇದಿಕೆಯ ಎರಡೂ ಕಡೆ ಆಳೆತ್ತರದ ಧ್ವನಿವರ್ಧಕಗಳನ್ನು ನಿಲ್ಲಿಸಿ, ತಬಲಾ ಗುಡುಗಿಸಿ, ಕವಿಯ ಮಾತು ಮೂರನೆಯ ಸಾಲಿಗೂ ಮುಟ್ಟದಂತೆ ಮಾಡುವುದನ್ನು ಎಷ್ಟು ಸಲ ನೋಡಿಲ್ಲ? ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು 2,000ದಿಂದ 4,000 ಕಂಪನಗಳ ಸುತ್ತಮುತ್ತ. ಗುಡುಗು ಹೆಚ್ಚಿದಷ್ಟೂ ಅವು ಮುಳುಗುತ್ತವೆ. 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ದ ಧ್ವನಿಸುರುಳಿಯನ್ನು ಸಾಧಾರಣ ಟೇಪ್‌ರೆಕಾರ್ಡರಿನಲ್ಲಿ ಕೇಳಿಯೇ ನಮ್ಮಲ್ಲಿ ಅನೇಕರ ಮಕ್ಕಳು ಕನ್ನಡ ಕವಿತೆಯನ್ನು ಬಾಯಿಪಾಠ ಮಾಡಿದ್ದು. ಕನ್ನಡ ಶಾಲೆಯೇ ಇಲ್ಲದ ಊರಿನಲ್ಲಿ ಆ ಸುರುಳಿಯೇ ಶಾಲೆಯಾಗಿತ್ತು. ಆದ್ದರಿಂದ ನಮ್ಮ ಕಾರ್ಯಕ್ರಮಗಳ ಧ್ವನಿವ್ಯವಸ್ಥೆಯನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಕೊನೆಯ ಸಾಲಿನ ಅಜ್ಜಿಗೆ ಮಾತು ತಿಳಿಯಿತೇ? ತಿಳಿಯಿತೆಂದರೆ ವ್ಯವಸ್ಥೆ ಚೆನ್ನಾಗಿತ್ತು. ಬಾಡಿಗೆ ಎಷ್ಟೆಂಬುದು ಖಜಾಂಚಿಯವರ ಚಿಂತೆ.

ಈ ಮಾತಿಗೆ ಇನ್ನೊಂದು ತುರ್ತು ಕಾರಣವೂ ಇದೆ. ನಮ್ಮ ಮನೆಗಳ ಅಟ್ಟದ ಮೇಲೆ, ಹಳೆಯ ಟ್ರಂಕುಗಳಲ್ಲಿ, ಕ್ಯಾಸೆಟ್ಟುಗಳು ಬಿದ್ದಿವೆ. ಅಂಗಡಿಯಿಂದ ಕೊಂಡವು ಬೇರೆಡೆ ಸಿಕ್ಕಾವು. ಆದರೆ ಊರಿಗೆ ಹೋದಾಗ ಅಜ್ಜಿಯಿಂದ ಹಾಡಿಸಿ ತುಂಬಿಕೊಂಡ ಸೋಬಾನೆ ಪದ, ಹಂತಿಯ ಹಾಡು, ಬೀಸುವ ಪದ, ಸೋದರತ್ತೆ ಹೇಳಿದ ಸಂಪ್ರದಾಯದ ಹಾಡು, ಇವು ಜಗತ್ತಿನಲ್ಲಿ ಇರುವುದು ಅದೊಂದೇ ಪ್ರತಿ. ಹಿನ್ನೆಲೆಯಲ್ಲಿ ಕೋಳಿ ಕೂಗುತ್ತದೆ, ಮಗು ಅಳುತ್ತದೆ, ಯಾರೋ ‘ಹೇಳವ್ವಾ, ಹೇಳು’ ಎನ್ನುತ್ತಾರೆ. ಧ್ವನಿ ಚೆನ್ನಾಗಿಲ್ಲವೆಂಬ ಒಂದೇ ಕಾರಣಕ್ಕೆ, ಮನೆ ಬದಲಾಯಿಸುವಾಗ ಇವು ರದ್ದಿಯವನ ಗಾಡಿ ಸೇರುತ್ತಿವೆ. ಕರಾವಳಿಯ ತೇವದ ಗಾಳಿಗೆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಇನ್ನು ಹೆಚ್ಚು ಕಾಲ ಅವು ಕಾಯಲಾರವು. ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮೊದಲು ಕ್ಯಾಸೆಟ್ಟಿನ ಬೆನ್ನಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳನ್ನು ಮುರಿಯಿರಿ, ಆಗ ಅಕಸ್ಮಾತ್ ಅಳಿಸಿಹೋಗುವ ಭಯವಿಲ್ಲ. ಬೂಷ್ಟು ಹಿಡಿದದ್ದನ್ನು ಹಾಗೆಯೇ ಓಡಿಸದೆ ತಿಳಿದವರಿಗೆ ತೋರಿಸಿ. ಕೆಲಸ ಮಾಡುವ ಟೇಪ್‌ರೆಕಾರ್ಡರ್ ಒಂದನ್ನು ಎರವಲು ತಂದು, ಅದರ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕಂಪ್ಯೂಟರಿಗೆ ತಂತಿ ಸೇರಿಸಿ ಇಳಿಸಿಕೊಳ್ಳಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂಬುದನ್ನು ಆರಂಭದಲ್ಲಿ ಬಾಯಲ್ಲೇ ಹೇಳಿ ಸೇರಿಸಿ. ಗೌಹರ್ ಜಾನ್ ಮಾಡಿದ್ದೂ ಅಷ್ಟೇ ತಾನೆ?

‘ಒಳ್ಳೆಯ ಯಂತ್ರದಲ್ಲಿ ಕೇಳುವುದು ಕಲಾವಿದರಿಗೆ ತೋರಿಸುವ ಗೌರವ’ ಎಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಅನುಕೂಲವಿದ್ದವರು ಕೊಳ್ಳಲಿ, ತಂಬೂರಿಯ ಮಂಜು ಅವರ ಕೋಣೆಯನ್ನು ತುಂಬಲಿ. ಆದರೆ ಗೌರವದ ಮೊದಲ ಕಂತು ಪೂರ್ತಿ ಕೇಳುವುದು. ಅದಕ್ಕೆ ನಮ್ಮದೊಂದು ಸಲಹೆ. ತಿಂಗಳಿಗೊಂದು ಮುದ್ರಿಕೆಯನ್ನು ಆರಿಸಿಕೊಳ್ಳಿ. ಅದನ್ನು ಮೂರು ಸಲ, ಬೇರೆ ಬೇರೆ ದಿನ, ನಡುವೆ ಏಳದೆ ಕೇಳಿ. ಒಮ್ಮೆ ಸ್ವರ ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಒಮ್ಮೆ ಲಯಕ್ಕೆ ಕೈ ಹಾಕಿ. ಒಮ್ಮೆ ಮಾತನ್ನು ಮಾತ್ರ ಹಿಂಬಾಲಿಸಿ. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಉಪದೇಶ ಬೇಡ. ಸಂಘದ ಓದುಕೋಣೆಯಲ್ಲಿ ತಿಂಗಳಿಗೊಂದು ಸಂಜೆ ಹತ್ತು ಜನ ಸೇರಿ, ಇರುವ ಸಾಧಾರಣ ಪೆಟ್ಟಿಗೆಯಲ್ಲೇ ಹೀಗೆ ಕೇಳಿ, ಆಮೇಲೆ ಅರ್ಧ ತಾಸು ಮಾತಾಡಿದರೆ ಇನ್ನೂ ಒಳ್ಳೆಯದು. ಮಾತಿಗೆ ಒಂದೇ ನಿಯಮವಿರಲಿ: ಯಂತ್ರದ ಹೆಸರು ಯಾರೂ ಎತ್ತಕೂಡದು.

ಹೀಗೆ ಒಂದು ವರ್ಷ ಕೇಳಿದ ಮೇಲೆಯೂ ‘ಇನ್ನೂ ಒಳ್ಳೆಯ ಸೆಟ್ ಬೇಕು’ ಎನ್ನಿಸಿದರೆ ಸಂತೋಷವಾಗಿ ಕೊಳ್ಳಿ. ಯಾಕೆ ಬೇಕೆಂಬುದು ಆಗ ನಿಮಗೆ ಗೊತ್ತಿರುತ್ತದೆ, ಅಂಗಡಿಯವನು ಹೇಳಿಕೊಡಬೇಕಾಗುವುದಿಲ್ಲ.